ಫುಟ್‌ಬಾಲಿಗೆ ಹೋದ ಅವರೆಕಾಯಿ

ನಗರಗೆರೆಯಲ್ಲಿ ಮೂವತ್ತೊಂದು ವರ್ಷ ಡ್ರಿಲ್ ಮೇಷ್ಟ್ರಾಗಿದ್ದ ನರಸಿಂಹಪ್ಪನೆಂಬ ನಾನು, ಕೈಗೆ ಎಟುಕುವಷ್ಟು ಹತ್ತಿರ ಬಂದ ಫುಟ್‌ಬಾಲ್ ಆಟವೊಂದನ್ನು ಈ ಡಿಸೆಂಬರಿನವರೆಗೆ ತಪ್ಪಿಸಿಕೊಂಡವನಲ್ಲ. ಜ್ವರ ಬಂದಾಗ ಹೋಗಿದ್ದೇನೆ. ಕಾಲು ಮುರಿದಾಗ ಎತ್ತಿನ ಗಾಡಿಯಲ್ಲಿ ಮಲಗಿಕೊಂಡು ಹೋಗಿದ್ದೇನೆ. ನನ್ನ ಮದುವೆಯ ದಿನವೇ ಗೌರಿಬಿದನೂರಿನಲ್ಲಿ ತಾಲ್ಲೂಕು ಮಟ್ಟದ ಫೈನಲ್ ಇತ್ತು. ಧಾರೆ ಮುಗಿದು ಎಲೆ ಹಾಕುವ ಸಂದಿನಲ್ಲಿ ಸೈಕಲ್ ಹತ್ತಿ ಹೋಗಿ, ಹಣೆಗೆ ಬಾಸಿಂಗ ಕಟ್ಟಿಕೊಂಡೇ ಎರಡನೇ ಅರ್ಧಕ್ಕೆ ಸೀಟಿ ಊದಿ, ಪಾಯಸ ಬಡಿಸುವ ಹೊತ್ತಿಗೆ ಬಂದು ಎಲೆಯ ಮುಂದೆ ಕೂತಿದ್ದೆ. (ಬಾಸಿಂಗ ಕಂಡು ದಿಗಿಲಾಗಿ ಆ ದಿನ ಇಪ್ಪತ್ತೆರಡು ಜನರಲ್ಲಿ ಒಬ್ಬನೂ ಫೌಲ್ ಮಾಡಲಿಲ್ಲ. ತಾಲ್ಲೂಕಿನ ಚರಿತ್ರೆಯಲ್ಲೇ ಅದು ಮೊದಲು ಮತ್ತು ಕೊನೆ.)

ನನ್ನ ಧರ್ಮಪತ್ನಿ ಅಮ್ಮಾಜಮ್ಮನಿಗೆ ಆವತ್ತೇ ನನ್ನ ಗುಣ ತಿಳಿದುಹೋಯಿತು. ಆದರೂ ಮದುವೆಯಾದ ಮೇಲೆ ಅವಳನ್ನು ಬೆಂಗಳೂರಿಗೆ ಕರೆದುಕೊಂಡು ಹೋಗಿ ಲಾಲ್‌ಬಾಗ್ ತೋರಿಸುತ್ತೇನೆಂದು ಮಾತು ಕೊಟ್ಟಿದ್ದೆ. ಆ ವಾರ ಒಂದು ಪಂದ್ಯ ಬಂತು. ಮುಂದಿನ ವಾರ ಇನ್ನೊಂದು. ಹೀಗೆ ನೋಡುನೋಡುತ್ತಾ ನಲವತ್ತೊಂದು ವರ್ಷವಾಯಿತು.

ನಮ್ಮ ಮನೆಗೂ ಶಾಲೆಯ ಮೈದಾನಕ್ಕೂ ನಡುವೆ ಒಂದು ಗೋಡೆ. ಅಮ್ಮಾಜಮ್ಮನ ತಲೆಗಿಂತ ಒಂದು ಗೇಣು ಎತ್ತರ. ಸಂಜೆ "ಐದು ನಿಮಿಷ, ಬಂದೆ" ಎಂದು ನಾನು ಆ ಕಡೆ ಹೋದರೆ ಅವಳು ಈ ಕಡೆ ಗೋಡೆಗೆ ಒರಗಿ, ಮೊರ ಮುಂದಿಟ್ಟುಕೊಂಡು, ಕಾಲಕ್ಕೆ ತಕ್ಕಂತೆ ಅವರೆಯೋ ತೊಗರಿಯೋ ಬಿಡಿಸುತ್ತಾ ಕೂರುತ್ತಿದ್ದಳು. ಕತ್ತಲಾದ ಮೇಲೆ ನಾನು ಧೂಳು ಮೆತ್ತಿಕೊಂಡು ಬಂದಾಗ ಕೇಳುತ್ತಿದ್ದಳು: "ಇವತ್ತೇನಾಯ್ತು ರೀ? ಹುಡುಗರು ಅಷ್ಟು ಜೋರಾಗಿ ಕೂಗಿದ್ರಲ್ಲ?"

"ಹೇಳಿದ್ರೆ ನಿನಗೆ ಅರ್ಥ ಆಗಲ್ಲ ಬಿಡು. ಅವರೆ ಬಿಡಿಸಿದ್ದಾಯ್ತಾ?" ಎನ್ನುತ್ತಿದ್ದೆ ನಾನು.

ನಮ್ಮ ಶಾಲೆಗೆ ಇದ್ದದ್ದು ಒಂದೇ ಚೆಂಡು. ಅದು ಬಿಚ್ಚಿಕೊಂಡಾಗಲೆಲ್ಲ ಹೊಲಿಯುತ್ತಿದ್ದವಳೂ ಅಮ್ಮಾಜಮ್ಮನೇ. ಕೊನೆಗೆ ಅದರಲ್ಲಿ ಚರ್ಮಕ್ಕಿಂತ ದಾರವೇ ಹೆಚ್ಚಾಗಿ, ಒದ್ದರೆ ಒಂದು ಕಡೆ ಹೋಗಬೇಕಾದ್ದು ಸ್ವಲ್ಪ ಯೋಚನೆ ಮಾಡಿ ಇನ್ನೊಂದು ಕಡೆಗೆ ಹೋಗುತ್ತಿತ್ತು. ಆ ಚೆಂಡಿನಲ್ಲಿ ಆಡಿ ಗೆದ್ದವರು ಯಾವ ಚೆಂಡಿನಲ್ಲಾದರೂ ಗೆಲ್ಲುತ್ತಾರೆ ಎಂಬುದು ನನ್ನ ಸಿದ್ಧಾಂತ. (ಆ ಚೆಂಡಿನಲ್ಲಿ ಯಾರೂ ಗೆಲ್ಲಲಿಲ್ಲವಾದ್ದರಿಂದ ಸಿದ್ಧಾಂತ ಇನ್ನೂ ಪರೀಕ್ಷೆಗೆ ಒಳಪಟ್ಟಿಲ್ಲ.)

ಇಷ್ಟು ಆಟ ನೋಡಿದವನಿಗೂ ಒಂದು ಕೊರಗಿತ್ತು. ನಾನು ನೋಡಿದ್ದೆಲ್ಲ ಧೂಳಿನ ಆಟ. ಗೋಲ್ ಆಯಿತೋ ಇಲ್ಲವೋ ಎಂಬುದು ಧೂಳು ಇಳಿದ ಮೇಲೆ ಗೊತ್ತಾಗಬೇಕು. ಹಸಿರು ಹುಲ್ಲಿನ ಮೇಲೆ, ಆಕಾಶದೆತ್ತರದ ದೀಪಗಳ ಕೆಳಗೆ, ಹತ್ತಾರು ಸಾವಿರ ಜನರ ನಡುವೆ ಕೂತು ಒಂದೇ ಒಂದು ಆಟ ನೋಡಬೇಕು. ಒದ್ದೆ ಹುಲ್ಲಿನ ಮೇಲೆ ಹೊಸ ಚೆಂಡು ಉರುಳುವ ಸದ್ದು ಹೇಗಿರುತ್ತದೆ? ಅರವತ್ತೆಂಟು ವರ್ಷದ ಮುದುಕ ಇಂಥದ್ದಕ್ಕೆ ಆಸೆಪಡುತ್ತಾನೆಂದು ಯಾರ ಹತ್ತಿರವೂ ಹೇಳುವ ಹಾಗಿರಲಿಲ್ಲ. ಟಿ.ವಿ.ಯಲ್ಲಿ ಆಟ ಬಂದಾಗ ಸದ್ದು ಜಾಸ್ತಿ ಮಾಡಿಕೊಂಡು, ಕಣ್ಣು ಮುಚ್ಚಿ ಕೂರುತ್ತಿದ್ದೆ.

ಈ ಡಿಸೆಂಬರಿನಲ್ಲಿ ನನ್ನ ಹಳೆಯ ಶಿಷ್ಯ ಫೈಜಾನ್ ಮದುವೆಯೊಂದಕ್ಕೆ ಊರಿಗೆ ಬಂದಿದ್ದ. ಈಗ ಬೆಂಗಳೂರಿನಲ್ಲಿ ಆಟದ ಸಾಮಾನಿನ ಅಂಗಡಿ ಇಟ್ಟಿದ್ದಾನೆ. ನನ್ನ ಕಾಲಿಗೆ ನಮಸ್ಕಾರ ಮಾಡಿ, ಎರಡು ಮುದ್ರಿತ ಹಾಳೆಗಳನ್ನು ಕೈಗಿಟ್ಟ.

"ಈ ಶನಿವಾರ ಸಾಯಂಕಾಲ ಐದು ಗಂಟೆಗೆ ಮ್ಯಾಚು, ಮೇಷ್ಟ್ರೇ. ನಮ್ಮ ನೀಲಿ ಟೀಮಿಗೂ ಹಳದಿಯೋರಿಗೂ. ಒಳ್ಳೇ ಸೀಟು. ಅಮ್ಮನ್ನೂ ಕರ್ಕೊಂಡ್ ಹೋಗಿ."

ಅಮ್ಮನನ್ನು ಕರೆದುಕೊಂಡು ಹೋಗುವ ಮಾತು ನನಗೆ ಅಷ್ಟಾಗಿ ಕೇಳಿಸಲಿಲ್ಲ. ಎರಡನೇ ಸೀಟು ಮಂಡಿ ನೋವಿನ ಕಾಲು ಚಾಚಲು ಆಗುತ್ತದೆಂದು ಅಲ್ಲೇ ಮನಸ್ಸಿನಲ್ಲಿ ಗೊತ್ತುಮಾಡಿಕೊಂಡೆ. ಹಾಳೆಗಳನ್ನು ಮಡಚಿ ಮಂಕಿ ಕ್ಯಾಪಿನ ಮಡಿಕೆಯೊಳಗೆ ಸೇರಿಸಿ, ಕ್ಯಾಪನ್ನು ತಲೆಗೆ ಹಾಕಿಕೊಂಡೆ. ನನ್ನ ತಲೆಯಲ್ಲಿ ಏನಿದೆಯೆಂದು ನಲವತ್ತೊಂದು ವರ್ಷದಿಂದ ಅಮ್ಮಾಜಮ್ಮ ಹುಡುಕಿದವಳಲ್ಲ. ಅದಕ್ಕಿಂತ ಭದ್ರವಾದ ಜಾಗ ಇನ್ನೆಲ್ಲಿದೆ?

ಇನ್ನು ಬೆಂಗಳೂರಿಗೆ ಹೋಗಲು ಒಂದು ಕಾರಣ ಬೇಕಿತ್ತು. ಅಮ್ಮಾಜಮ್ಮನ ತಂಗಿ ವರಲಕ್ಷ್ಮಮ್ಮ ಬೆಂಗಳೂರಿನಲ್ಲಿದ್ದಾಳೆ. ನಮ್ಮ ಹೊಲದಲ್ಲಿ ರಾಗಿಯ ನಡುವೆ ಬಿಟ್ಟ ಅಕ್ಕಡಿ ಸಾಲಿನಲ್ಲಿ ಅವರೆ ಕಾಯಿ ತುಂಬಿ ನಿಂತಿದೆ. ಎರಡನ್ನೂ ಜೋಡಿಸಿದೆ.

"ಏನೇ, ನಿನ್ನ ತಂಗಿಗೆ ಈ ವರ್ಷ ಅವರೆಕಾಯಿ ಕೊಟ್ಟೇ ಇಲ್ಲವಲ್ಲ."

ಅಮ್ಮಾಜಮ್ಮ ಒಲೆಯ ಕಡೆಯಿಂದ ತಲೆಯೆತ್ತಿದಳು. "ಅವಳ ಮಾತು ನಿಮ್ಮ ಬಾಯಲ್ಲಿ ಬಂದಿದ್ದು ಇದೇ ಮೊದಲು. ಮೈ ಬಿಸಿ ಐತಾ?"

"ನಾದಿನಿ ಅಂದ್ಮೇಲೆ ಕರುಳಿರಲ್ವೇನೇ? ಈ ಶನಿವಾರ ಹೋಗಿ, ಕಾಯಿ ಕೊಟ್ಟು, ಅಲ್ಲೇ ಉಳ್ಕೊಂಡು, ಭಾನುವಾರ ಲಾಲ್‌ಬಾಗ್ ನೋಡ್ಕೊಂಡು ಬರಣ. ನಿನ್ನ ನಾನು ಎಲ್ಲಿಗೆ ಕರ್ಕೊಂಡ್ ಹೋಗಿದೀನಿ ಹೇಳು."

"ಎಲ್ಲಿಗೂ ಇಲ್ಲ."

"ಅದಕ್ಕೇ ಹೇಳ್ತಿರೋದು."

"ಮುಂದಿನ ಶನಿವಾರ ಆಗಲ್ವಾ? ಕಾಯಿ ಇನ್ನೊಂದಿಷ್ಟು ಬಲೀಲಿ."

"ಮುಂದಿನ ವಾರಕ್ಕೆ ಸೊಗಡು ಹೋಗಿಬಿಡ್ತದೆ ಕಣೇ," ಎಂದೆ. ಅವರೆಯ ಆ ಘಾಟು ಇಬ್ಬನಿಯಿಂದ ಬರುತ್ತದೋ ಬಿಸಿಲಿನಿಂದ ಬರುತ್ತದೋ ನನಗೆ ಇವತ್ತಿಗೂ ತಿಳಿಯದು.

ಅವಳು ಒಂದು ಗಳಿಗೆ ನನ್ನನ್ನೇ ನೋಡಿದಳು. "ಆಗಲಿ, ಹೋಗಣ," ಎಂದಳು. ಗುರುವಾರ ನನ್ನ ತಲೆಯಿಂದ ಮಂಕಿ ಕ್ಯಾಪ್ ಕಿತ್ತುಕೊಂಡು, "ಊರಿಗೆ ಹೋಗೋರು ಇದನ್ನ ಹಾಕ್ಕೊಂಡು ಹೋದ್ರೆ ನಾಯಿ ಅಟ್ಟಿಸ್ಕೊಂಡ್ ಬರ್ತವೆ," ಎಂದು ಒಗೆಯಲು ಹೋದಳು. ಕ್ಯಾಪಿನ ಹಿಂದೆಯೇ ನನ್ನ ಜೀವವೂ ಅಂಗಳಕ್ಕೆ ಹೋಯಿತು. ಅವಳು ಸೋಪು ತರುವಷ್ಟರಲ್ಲಿ ಕ್ಯಾಪಿನ ಮಡಿಕೆ ಮುಟ್ಟಿ ನೋಡಿದೆ. ಹಾಳೆಗಳು ಇದ್ದವು. ಅವನ್ನು ಬನಿಯನ್ನಿನೊಳಕ್ಕೆ ಸಾಗಿಸಿ, ಮನುಷ್ಯನಿಗೆ ಅದೃಷ್ಟವೂ ಇರಬೇಕು, ಬುದ್ಧಿಯೂ ಇರಬೇಕು ಎಂದುಕೊಂಡೆ.

ಶನಿವಾರ ಬೆಳಿಗ್ಗೆ ನಮ್ಮ ಕಡೆಯ ಚಳಿ ಹೇಗಿತ್ತೆಂದರೆ, ಹುಂಜ ಕೂಗಲು ಬಾಯಿ ತೆರೆದದ್ದು ಬಿಸಿಲು ಬರುವವರೆಗೆ ಮುಚ್ಚಲಾಗದೆ ಹಾಗೇ ನಿಂತಿತ್ತು. ಅಮ್ಮಾಜಮ್ಮ ಎಂದೂ ಉಡದ ಕಡುನೀಲಿ ಸೀರೆ ಉಟ್ಟು ಹೊರಗೆ ಬಂದಳು. ಅವಳ ಹಿಂದೆ ಒಂದು ಗೋಣಿಚೀಲ ಬಂತು.

"ಐದು ಕೆ.ಜಿ. ಸಾಕು ಅಂದಿದ್ದೆನಲ್ಲೇ."

"ಹತ್ತು ಹಾಕಿದೀನಿ. ಕರುಳು ಅಂದ್ರಲ್ಲ."

ನಾನು ಲೆಕ್ಕ ಹಾಕಿಟ್ಟ ಯುದ್ಧತಂತ್ರ ಹೀಗಿತ್ತು: ಮಧ್ಯಾಹ್ನ ಎರಡಕ್ಕೆ ಮೆಜೆಸ್ಟಿಕ್ಕಿನಲ್ಲಿ ರೈಲಿಳಿದು, ಅವಳನ್ನೂ ಚೀಲವನ್ನೂ ತಂಗಿಯ ಮನೆಯ ಕಡೆ ಆಟೋ ಹತ್ತಿಸಿ, "ಹಳೇ ಸ್ನೇಹಿತರೊಬ್ಬರನ್ನು ನೋಡಿ ಬರುತ್ತೇನೆ" ಎಂದು ಮಾಯವಾಗುವುದು. ಆದರೆ ಆ ದಿನದ ರೈಲು ದೊಡ್ಡಬಳ್ಳಾಪುರದಲ್ಲಿ ಯಾವುದೋ ಹಳೆಯ ದುಃಖ ನೆನಪಾದಂತೆ ನಿಂತುಬಿಟ್ಟಿತು. ನಾವು ಇಳಿದಾಗ ನಾಲ್ಕು ಗಂಟೆ ದಾಟಿತ್ತು.

"ನೀನು ಆಟೋದಲ್ಲಿ ಹೋಗಿರು. ನಾನು ಒಬ್ಬ ಸ್ನೇಹಿತನ್ನ ಮಾತಾಡಿಸ್ಕೊಂಡು ಬರ್ತೀನಿ."

"ಯಾವ ಸ್ನೇಹಿತರು? ನಾನೂ ಬರ್ತೀನಿ. ನಿಮಗೆ ಸ್ನೇಹಿತರು ಇರೋದು ನಾನು ನೋಡೇ ಇಲ್ಲ."

"ಚೀಲ ಭಾರ ಐತಲ್ಲೇ."

"ನೀವು ಹೊತ್ಕೊಳ್ತೀರಲ್ಲ."

ವಾದಕ್ಕೆ ಹೊತ್ತಿರಲಿಲ್ಲ. ಇಬ್ಬರೂ ಒಂದೇ ಆಟೋ ಹತ್ತಿದೆವು, ಚೀಲ ನನ್ನ ತೊಡೆಯ ಮೇಲೆ. ಕಬ್ಬನ್ ಪಾರ್ಕಿನ ಆಚೆ ಇಳಿದಾಗ ಎದುರಿಗೇ ಸ್ಟೇಡಿಯಂ. ನೀಲಿ ಅಂಗಿಯ ಜನ ಹೊಳೆಯಂತೆ ಹರಿಯುತ್ತಿದ್ದರು. ಮೇಲೆ ದೀಪಗಳು ಹತ್ತಿಕೊಂಡಿದ್ದವು. ಹಗಲಿನ ಬೆಳಕು ಇನ್ನೂ ಇತ್ತು, ಆದರೂ ಆ ದೀಪಗಳ ಕೆಳಗೆ ಎಲ್ಲೋ ಹುಲ್ಲಿದೆ ಎಂದುಕೊಂಡು ಚೀಲವನ್ನು ಹೆಗಲಿಗೇರಿಸಿದೆ.

ಅಮ್ಮಾಜಮ್ಮ ತಲೆಯೆತ್ತಿ ನೋಡಿದಳು. "ನಿಮ್ಮ ಸ್ನೇಹಿತರ ಮನೇಲಿ ಲೈಟು ಜೋರಾಗೈತೆ," ಎಂದಳು.

ಇನ್ನು ಸುಳ್ಳು ಎಳೆಯಲು ದಾರಿಯಿರಲಿಲ್ಲ. ಬನಿಯನ್ನಿನಿಂದ ಹಾಳೆಗಳನ್ನು ತೆಗೆದೆ. ಅವಳು ಬೈಯಲಿಲ್ಲ, ಆಶ್ಚರ್ಯಪಡಲೂ ಇಲ್ಲ. "ಎರಡಿದಾವಾ? ಸರಿ ನಡೀರಿ," ಎಂದಳಷ್ಟೆ. ನಾನು ಇದನ್ನು ಅವಳ ದೊಡ್ಡ ಗುಣವೆಂದು ತಿಳಿದೆ.

ಗೇಟಿನಲ್ಲಿ ಕಾವಲಿನವನು ನನ್ನ ಎದೆಗೆ ಅಡ್ಡವಾಗಿ ಕೈ ಚಾಚಿದ. "ಬ್ಯಾಗ್ ಒಳಕ್ಕೆ ಬಿಡಲ್ಲ ಸಾರ್." ಆಮೇಲೆ ಮೂಗು ಅರಳಿಸಿದ. "ಏಮಿ ಸಾರ್, ಅವರೆಕಾಯಾ? ನಮ್ಮ ಕಡೇದು ಅನ್ನಂಗೈತೆ ಸೊಗಡು."

"ಯಾವ ಕಡೆಯಪ್ಪ ನಿಂದು?"

"ಚಿಂತಾಮಣಿ ಹತ್ರ ಸಾರ್, ಮುರುಗಮಲ್ಲ. ಕೋನಪ್ಪ ಅಂತ."

"ನಮ್ದು ನಗರಗೆರೆ. ಒಂದೇ ಜಿಲ್ಲೆಯೋರು. ಬಿಟ್ಬಿಡಪ್ಪ."

"ಒಂದೇ ಜಿಲ್ಲೆಯೋರು ಅಂತ್ಲೇ ಮರ್ಯಾದೆಯಾಗಿ ಹೇಳ್ತಿದೀನಿ ಸಾರ್. ಬೇರೆ ಜಿಲ್ಲೆಯೋರಾಗಿದ್ರೆ ಬೈತಿದ್ದೆ."

"ಹಾಗಾದ್ರೆ ಚೀಲ ಇಲ್ಲೇ ನಿನ್ನ ಹತ್ರ ಇರಲಿ."

"ಯಾರೂ ಇಲ್ದಿರೋ ಚೀಲ ಕಂಡ್ರೆ ಪೊಲೀಸ್ನೋರು ನಾಯಿ ಕರ್ಕೊಂಡ್ ಬಂದು ಮೂಸಿಸ್ತಾರೆ. ನನ್ನ ಕೆಲ್ಸ ಹೋಗ್ತದೆ."

(ಆ ನಾಯಿ ಒಂದು ಸಲ ಮೂಸಿದ್ದರೆ ಇಲಾಖೆಗೆ ರಾಜೀನಾಮೆ ಕೊಟ್ಟು ನಮ್ಮ ಹಿಂದೆಯೇ ನಗರಗೆರೆಗೆ ಬರುತ್ತಿತ್ತು. ಆ ಮಾತು ಬೇರೆ.)

ಒಳಗಿನಿಂದ ಮೊದಲ ಸೀಟಿ ಕೇಳಿಸಿತು. ನನ್ನ ಕಾಲು ನಿಂತಲ್ಲೇ ಕುಣಿಯಿತು. ಅಮ್ಮಾಜಮ್ಮನ ಕಿವಿಯಲ್ಲಿ ಹೇಳಿದೆ: "ಆ ಮರದ ಕೆಳಗೆ ಇಟ್ಟು ಹೋಗಣ ಕಣೇ. ಹೋದ್ರೆ ಹೋಗ್ಲಿ."

"ಹೋದ್ರೆ ಹೋಗ್ಲಿ ಅಂದ್ರೆ? ತಂಗಿಗೆ ಕಾಯಿ ಕೊಡೋಕೆ ಅಂತ್ಲೇ ತಾನೆ ನಾವು ಬಂದಿರೋದು? ಅದನ್ನೇ ಬೀದೀಲಿ ಬಿಟ್ರೆ ಬಂದಿದ್ದು ಯಾತಕ್ಕೆ?" ಎಂದಳು. ನಾನು ಕಟ್ಟಿದ ಸುಳ್ಳಿಗೆ ನನ್ನನ್ನೇ ಕಾವಲು ಹಾಕಿದಂತಾಯಿತು. ಅವಳೇ ಮತ್ತೆ ದಾರಿ ತೋರಿಸಿದಳು. "ಒಂದು ಚೀಟಿ ಕೊಡಿ. ಅದೇನು ಅಂತ ಒಂದೈದು ನಿಮಿಷ ನೋಡ್ಕೊಂಡ್ ಬರ್ತೀನಿ. ಆಮೇಲೆ ಚೀಲದ ಹತ್ರ ನಾನು ಕೂತ್ಕೊತೀನಿ, ಇನ್ನೊಂದು ಚೀಟೀಲಿ ನೀವು ಹೋಗಿ."

ನ್ಯಾಯವಾದ ಮಾತು. ಕೊಟ್ಟೆ. ನೀಲಿ ಸೀರೆ ನೀಲಿ ಅಂಗಿಗಳ ನಡುವೆ ಕರಗಿಹೋಯಿತು.

ಐದು ನಿಮಿಷವಾಯಿತು. ಹತ್ತಾಯಿತು. ಫುಟ್‌ಪಾತಿನ ಮೇಲೆ ಸ್ಟೇಡಿಯಂ ಗೋಡೆಗೆ ಒರಗಿ ಕೂತೆ. ಒಳಗಿನಿಂದ ಒಂದು ದೊಡ್ಡ ಹಾಹಾಕಾರ ಎದ್ದಿತು. ನಾನು ಧಡಕ್ಕನೆ ಎದ್ದು ನಿಂತೆ.

"ಕೂತ್ಕೊಳಿ ಸಾರ್. ಗೋಲ್ ಅಲ್ಲ," ಎಂದ ಕೋನಪ್ಪ, ಬೀದಿಯ ಕಡೆಗೇ ಮುಖ ಮಾಡಿಕೊಂಡು. "ಕಂಬಕ್ಕೆ ತಾಗಿರೋದು."

"ನಿನಗೆ ಹೆಂಗ್ ಗೊತ್ತು?"

"ಏಳು ವರ್ಷದಿಂದ ಇದೇ ಗೇಟು. ಒಂದು ಆಟಾನೂ ನೋಡಿಲ್ಲ. ಬೆನ್ನಲ್ಲೇ ನೋಡೋದು. ಗೋಲ್ ಆದ್ರೆ ಬೂಟಿನೊಳಗೆ ನೆಲ ಅದುರ್ತದೆ ಸಾರ್."

ನಾನೂ ಚಪ್ಪಲಿ ಬಿಟ್ಟು ಪಾದಗಳನ್ನು ನೆಲಕ್ಕೆ ಊರಿ ಕೂತೆ. ನೆಲ ತಣ್ಣಗಿತ್ತು. ಕೈಗೂ ಏನಾದರೂ ಬೇಕಲ್ಲ, ಚೀಲದ ಬಾಯಿ ಬಿಚ್ಚಿ, ಒಂದು ಹಳೆಯ ಪೇಪರ್ ಹರಡಿಕೊಂಡು ಕಾಯಿ ಬಿಡಿಸತೊಡಗಿದೆ. ಕೋನಪ್ಪ ಜನ ಇಲ್ಲದಾಗ ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ತಾನೂ ನಾಲ್ಕು ಕಾಯಿ ಬಿಡಿಸುತ್ತಿದ್ದ. ಬಿಡಿಸಿ, ಬೆರಳು ಮೂಸಿಕೊಳ್ಳುತ್ತಿದ್ದ.

"ಈ ಸಲ ಊರಿಗೆ ಹೋಗಕ್ಕೇ ಆಗ್ಲಿಲ್ಲ ಸಾರ್. ನಮ್ಮಮ್ಮ ಹಿದುಕಿದ ಬೇಳೆ ಸಾರು ಮಾಡಿ, ಮುದ್ದೆ ತಟ್ಟೆಗೆ ಹಾಕಿ, ಕರೆಯಲ್ಲ ನೋಡಿ, ಸುಮ್ನೆ ತಟ್ಟೆ ಸದ್ದು ಮಾಡ್ತಾಳೆ. ಎಲ್ಲಿದ್ರೂ ಕೇಳಿಸ್ತದೆ."

ಒಳಗೆ ಇಪ್ಪತ್ತು ಸಾವಿರ ಜನ ಒಟ್ಟಿಗೆ ಉಸಿರೆಳೆದುಕೊಂಡರು, ಬಿಟ್ಟರು.

"ಇದು?"

"ಗೋಲ್‌ಕೀಪರ್ರು ಹಿಡ್ಕೊಂಡ."

ಅರ್ಧ ಆಟ ಮುಗಿದ ಸೀಟಿ ಕೇಳಿಸಿತು. ಗೇಟಿನ ಕಂಬಿಯ ಆಚೆ ನೀಲಿ ಸೀರೆ ಕಾಣಿಸಿತು. ಅಮ್ಮಾಜಮ್ಮ ಕೈಯಲ್ಲಿ ಜೋಳದ ಪೊಟ್ಟಣ ಹಿಡಿದಿದ್ದಳು. ಕೆನ್ನೆಯ ಮೇಲೆ ಎರಡು ನೀಲಿ ಗೆರೆ.

"ಮುಖಕ್ಕೇನೇ ಅದು?"

"ಪಕ್ಕದ ಸೀಟಿನ ಹುಡುಗಿ ಹಚ್ಚಿದ್ಲು. ಬೇಡ ಅನ್ನಕ್ಕಾಗುತ್ತಾ?"

"ಐದು ನಿಮಿಷ ಅಂದೆ. ನಲವತ್ತೈದಾಯ್ತು."

"ಅಷ್ಟಾಯ್ತಾ? ಹೊತ್ತು ಹೋಗಿದ್ದೇ ಗೊತ್ತಾಗ್ಲಿಲ್ಲ ರೀ. ಇನ್ನೊಂದೈದು ನಿಮಿಷ. ಒಬ್ಬ ಗಿಡ್ಡನ್ನ ಇಳಿಸ್ತಾರಂತೆ. ಅವನು ಎಡಗಾಲಿನೋನಂತೆ, ನೋಡ್ಲೇಬೇಕು ಅಂತಿದಾರೆ."

"ಬಾರೇ ಈಚೆಗೆ. ನನಗೂ ಎಡಗಾಲು ನೋಡ್ಬೇಕು."

"ಥಂಡಿ ಐತೆ, ಕ್ಯಾಪ್ ಕಿವಿ ಮುಚ್ಚೋ ಹಂಗೆ ಎಳ್ಕೊಳಿ," ಎಂದು ಹೇಳಿ ಹೋದಳು. ಓಡಿದಳು ಎಂದರೂ ಸುಳ್ಳಲ್ಲ. ಅವಳು ಓಡುವುದನ್ನು ನಾನು ಹಿಂದೆ ಒಂದೇ ಸಲ ನೋಡಿದ್ದೆ, ನಮ್ಮ ಹಸು ಕರು ಹಾಕಿದ ದಿನ.

ಚೀಲದ ಪಕ್ಕದಲ್ಲಿ ಮತ್ತೆ ಕೂತವನು, ನನ್ನ ಪಾಲಿನ ಚೀಟಿಯನ್ನಾದರೂ ನೋಡೋಣವೆಂದು ಬಿಚ್ಚಿದೆ. ಕೆಳಗಡೆ ಸಣ್ಣ ಅಕ್ಷರದಲ್ಲಿ ಬರೆದಿತ್ತು: ಕ್ರೀಡಾಂಗಣದೊಳಗೆ ಚೀಲ ಹಾಗೂ ಆಹಾರ ಪದಾರ್ಥ ತರುವಂತಿಲ್ಲ. ಆ ಸಾಲಿನ ಪಕ್ಕದಲ್ಲೇ, ಯಾರೋ ಬೆರಳಿಟ್ಟು ಓದಿದಂತೆ, ಹಸಿರುಗಪ್ಪು ಬಣ್ಣದ ಒಂದು ಹೆಬ್ಬೆಟ್ಟಿನ ಗುರುತು. ನನ್ನ ಹೆಬ್ಬೆರಳು ನೋಡಿಕೊಂಡೆ. ಅವರೆ ಸಿಪ್ಪೆಯ ರಸ ಹಿಡಿದು ಅದೂ ಅದೇ ಬಣ್ಣಕ್ಕೆ ತಿರುಗಿತ್ತು. ಗುರುತಿನ ಮೇಲೆ ಇಟ್ಟು ನೋಡಿದೆ. ನನ್ನ ಬೆರಳು ದೊಡ್ಡದು. ಅದು ಸಣ್ಣ ಕೈಯ ಬೆರಳು.

ಗುರುವಾರ, ಕ್ಯಾಪು, ಸೋಪು. ನೀಲಿ ಸೀರೆ. ಐದು ಕೆ.ಜಿ. ಅಂದರೆ ಹತ್ತು. (ಅವಳು ಎಸ್ಸೆಸ್ಸೆಲ್ಸಿಯಲ್ಲಿ ನನಗಿಂತ ಹದಿನೆಂಟು ಅಂಕ ಹೆಚ್ಚು ತೆಗೆದಿದ್ದಳೆಂಬುದನ್ನು ನಾನು ಇಷ್ಟು ದಿನ ಯಾರಿಗೂ ಹೇಳಿರಲಿಲ್ಲ.)

ಎದ್ದು ಚೀಲವನ್ನು ಕೋನಪ್ಪನ ಕಾಲ ಬಳಿ ಇಟ್ಟೆ. "ತಗೊಳಪ್ಪ, ಪೂರ್ತಿ ನಿಂದೇ. ಹಿದುಕ್ಕೊ, ಬೇಯಿಸ್ಕೊ. ಈಗ ಇದು ಯಾರೂ ಇಲ್ದಿರೋ ಚೀಲ ಅಲ್ಲ. ನನ್ನ ಒಳಕ್ಕೆ ಬಿಡು."

ಕೋನಪ್ಪ ಚೀಲವನ್ನು ನೋಡಿದ ನೋಟದಲ್ಲಿ ಅವನ ಅಮ್ಮನ ತಟ್ಟೆಯ ಸದ್ದು ನನಗೂ ಕೇಳಿಸಿತು. ಆಮೇಲೆ ಆಗಲ್ಲವೆಂದು ತಲೆಯಾಡಿಸಿದ. "ಎರಡನೇ ಹಾಫ್ ಶುರುವಾಯ್ತು ಸಾರ್. ಟಿಕೆಟ್ ಓದೋ ಮಿಷನ್ನು ಒಳಕ್ಕೆ ತಗೊಂಡ್ ಹೋದ್ರು. ಐದು ನಿಮಿಷ ಮುಂಚೆ ಹೇಳಿದ್ರೆ ಆಗ್ತಿತ್ತು."

ಚೀಲವನ್ನು ಹತ್ತಿರಕ್ಕೆ ಎಳೆದುಕೊಂಡು ಮತ್ತೆ ಗೋಡೆಗೆ ಒರಗಿದೆ. ಬಿಡಿಸಿದೆ. ಹುಳ ಬಿದ್ದ ಕಾಯಿ ಒಂದು ಕಡೆ, ಒಳ್ಳೆಯದು ಒಂದು ಕಡೆ. ಒಳಗೆ ಹಾಡಿದರು, ತಮಟೆ ಬಾರಿಸಿದರು, ಯಾರನ್ನೋ ಬೈದರು, ಯಾರದೋ ಹೆಸರನ್ನು ಪ್ರೀತಿಯಿಂದ ಕೂಗಿದರು. ಆ ಹೆಸರು ಯಾವುದೆಂದು ಅರ್ಥವಾಗಲಿಲ್ಲ. ಗೋಡೆ ನೋಡಿದೆ. ನಮ್ಮ ಮನೆಯ ಹಿಂದಿನ ಗೋಡೆ ಇದಕ್ಕಿಂತ ಗಿಡ್ಡ. ಮನಸ್ಸು ಮಾಡಿ ಅವಳಿಗೆ ಹತ್ತಿ ನಿಲ್ಲಲು ಒಂದು ಕಲ್ಲು ಹಾಕಿಕೊಟ್ಟಿದ್ದರೂ ಆಗುತ್ತಿತ್ತು.

ಆಟ ಮುಗಿಯುವ ಹೊತ್ತಿಗೆ ಅಂಗಾಲಿನ ಕೆಳಗೆ ನೆಲ ಅದುರಿತು. ಕೋನಪ್ಪನೂ ನಾನೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

"ಗೋಲ್ ಸಾರ್," ಎಂದ, ಮೆಲ್ಲಗೆ.

ಆ ಸದ್ದಿನಲ್ಲಿ ಒಂದು ದನಿ ನನಗೆ ಗೊತ್ತಿರುವ ದನಿಯಾಗಿತ್ತೆಂದು ನಾನು ಈಗಲೂ ಪ್ರಮಾಣ ಮಾಡಿ ಹೇಳುತ್ತೇನೆ. ನಲವತ್ತೊಂದು ವರ್ಷ ಮನೆಯಲ್ಲಿ ಏರಿದ್ದನ್ನು ನಾನು ಕೇಳಿರದ ದನಿ. ಚೀಲದ ಮೇಲೆ ಹತ್ತಿ ನಿಂತು ನೋಡಿದೆ. ಗೋಡೆಯ ಮೇಲೆ ದೀಪಗಳ ಬೆಳಕು ಬಿಟ್ಟರೆ ಏನೂ ಕಾಣಲಿಲ್ಲ. ಆ ಕ್ಷಣ ನನಗೆ ಹುಲ್ಲೂ ಬೇಡವಾಗಿತ್ತು, ಚೆಂಡೂ ಬೇಡವಾಗಿತ್ತು. ಅವಳು ಕೂಗಿದಾಗ ಮುಖ ಹೇಗಿತ್ತೆಂದು ಒಂದು ಸಲ ನೋಡಿದ್ದರೆ ಸಾಕಿತ್ತು.

ಜನ ಹೊರಗೆ ಹರಿದು ಬಂದರು. ಎಲ್ಲರೂ ಬಂದ ಮೇಲೆ ಅಮ್ಮಾಜಮ್ಮ ಬಂದಳು, ತುರುಬು ಬಿಚ್ಚಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು. ಕಣ್ಣು ಹೊಳೆಯುತ್ತಿತ್ತು. ನಾನು ಎರಡು ಬೊಗಸೆ ಕಾಳನ್ನು ಪೇಪರಿನಲ್ಲಿ ಸುತ್ತಿ ಕೋನಪ್ಪನ ಕೈಗಿಟ್ಟು, ಉಳಿದ ಕಾಳನ್ನು ಚೀಲಕ್ಕೆ ಸುರಿದು, ಅದನ್ನು ಎಳೆದುಕೊಂಡು ಅವಳ ಕಡೆ ಓಡಿದೆ.

"ಏನಾಯ್ತೇ? ಯಾರು ಹೊಡೆದಿದ್ದು? ಆ ಎಡಗಾಲಿನೋನಾ? ಹುಲ್ಲು ಒದ್ದೆಯಿತ್ತಾ? ಚೆಂಡು ಉರುಳಿದ್ರೆ ಸದ್ದು ಬರ್ತದಾ? ಅಷ್ಟು ಜೋರಾಗಿ ಕೂಗಿದ್ರಲ್ಲ, ಏನಾಯ್ತು ಹೇಳೇ."

ಅವಳು ಬಗ್ಗಿ ಚೀಲದೊಳಗೆ ಕೈಯಾಡಿಸಿದಳು. ಒಂದು ಹಿಡಿ ಕಾಳು ತೆಗೆದು ದೀಪದ ಬೆಳಕಿಗೆ ಹಿಡಿದು, ಹುಳವಿದೆಯೇ ನೋಡಿದಳು. ಒಂದು ಸಿಕ್ಕಿತು, ಎಸೆದಳು. ಆಮೇಲೆ ಚೀಲದ ಒಂದು ಕಿವಿ ತಾನು ಹಿಡಿದು, ಇನ್ನೊಂದನ್ನು ನನಗೆ ಹಿಡಿಯಲು ಕೊಟ್ಟು, ಕೂಗಿ ಕೂಗಿ ಒಡೆದುಹೋದ ಗಂಟಲಿನಲ್ಲಿ ಹೇಳಿದಳು:

"ಹೇಳಿದ್ರೆ ನಿಮಗೆ ಅರ್ಥ ಆಗಲ್ಲ ಬಿಡ್ರಿ."